ರಾತ್ರಿ ಮಲಗಿದರೆ ಸಿಡಿಯುವ ಹಲ್ಲು

ಪ್ರಶ್ನೆ: ನನಗೆ 41 ವರ್ಷ. ಡೊಂಬಿವಲಿಯಿಂದ ಫೋರ್ಟ್‌ಗೆ ದಿನಾ ಓಡಾಟ. ಎಡಗಡೆ ಕೆಳಗಿನ ದವಡೆ ಹಲ್ಲಿನಲ್ಲಿ ಕಪ್ಪು ತೂತು ಬಿದ್ದಿದೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ತಲೆ ಇಟ್ಟ ಕೂಡಲೇ ಸಿಡಿಯಲು ಶುರು. ಅಮ್ಮ ಲವಂಗದೆಣ್ಣೆ ಹಚ್ಚು ಅನ್ನುತ್ತಾರೆ, ಪಕ್ಕದ ಮನೆಯ ಆಜಿ ಮಿಶ್ರಿ ಉಜ್ಜು ಅನ್ನುತ್ತಾರೆ. ಮನೆಮದ್ದಿನಲ್ಲೇ ಹುಳುಕು ವಾಸಿಯಾಗುತ್ತದಾ ಡಾಕ್ಟ್ರೇ? ಐದು ವರ್ಷದ ಮಗಳ ದವಡೆ ಹಲ್ಲೂ ಕಪ್ಪಾಗಿದೆ. ಹಾಲುಹಲ್ಲು ತಾನೇ, ಬಿಟ್ಟುಬಿಡಬಹುದಾ?

ಉತ್ತರ: ಬೇಸರದ ಮಾತು ಮೊದಲೇ ಹೇಳಿಬಿಡುತ್ತೇನೆ. ಬಿದ್ದ ತೂತು ಯಾವ ಎಲೆಗೂ, ಯಾವ ಎಣ್ಣೆಗೂ ಮುಚ್ಚುವುದಿಲ್ಲ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಬೆಳೆಯುತ್ತದೆ. ಹಲ್ಲಿನ ಮೇಲಿನ ಎನಾಮಲ್‌ನಲ್ಲಿ ಜೀವಕೋಶಗಳೇ ಇಲ್ಲ, ಮತ್ತೆ ಬೆಳೆಯುವುದು ಎಲ್ಲಿಂದ? ಹಲ್ಲಿನ ಮೇಲೆ ಸುಣ್ಣದ ಚುಕ್ಕೆಯಂಥ ಬಿಳಿ ಕಲೆ ಇದ್ದಾಗಲೇ ಹಿಡಿದರೆ ಫ್ಲೋರೈಡ್ ಪೇಸ್ಟ್‌ನಿಂದ ಗಟ್ಟಿಯಾಗಬಹುದು. ನಿಮ್ಮದು ಆ ಹಂತ ದಾಟಿದೆ.

ಹಾಗಂತ ಅಮ್ಮನ ಲವಂಗ ಸುಳ್ಳಲ್ಲ. ಅದರಲ್ಲಿರುವ ಯೂಜಿನಾಲ್ ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ನಾವು ತಾತ್ಕಾಲಿಕವಾಗಿ ತುಂಬುವ ಒಂದು ಸಿಮೆಂಟ್ ಕೂಡ ಜಿಂಕ್ ಆಕ್ಸೈಡ್ ಜೊತೆ ಯೂಜಿನಾಲ್ ಕಲಸಿ ಮಾಡಿದ್ದೇ. ಹಲ್ಲಿನ ಡಾಕ್ಟರ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬರುವ ವಾಸನೆ ಅದರದ್ದು. ತಪ್ಪುವುದು ಹಚ್ಚುವ ರೀತಿಯಲ್ಲಿ. ಅರ್ಧ ಚಮಚ ಕೊಬ್ಬರಿ ಎಣ್ಣೆಗೆ ಒಂದೇ ಹನಿ ಲವಂಗದೆಣ್ಣೆ ಹಾಕಿ. ಹತ್ತಿಯನ್ನು ಕಡಲೆಕಾಳಿನಷ್ಟು ಉಂಡೆ ಮಾಡಿ, ಅದ್ದಿ, ಹಿಂಡಿ, ತೂತಿಗೆ ಮಾತ್ರ ಒತ್ತಿ. ಒಸಡಿಗೆ ತಾಗಿಸಬೇಡಿ, ಕೆಲವು ನಿಮಿಷ ಬಿಟ್ಟು ತೆಗೆಯಿರಿ. ಹತ್ತಿ ಇಟ್ಟುಕೊಂಡೇ ಮಲಗಬೇಡಿ. ಹಸಿ ಬೆಳ್ಳುಳ್ಳಿ ಜಜ್ಜಿ ರಾತ್ರಿಯಿಡೀ ಇಟ್ಟುಕೊಂಡವರೊಬ್ಬರು ಬಂದಿದ್ದರು. ಒಸಡು ಬಿಳಿಚಿ, ಹಾಲಿನ ಕೆನೆಯಂತೆ ಎದ್ದು ಬರುತ್ತಿತ್ತು. ಹಲ್ಲುನೋವಿನ ಜೊತೆ ಸುಟ್ಟ ಗಾಯ ಬೇರೆ! ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಪಕ್ಕ ಇಟ್ಟುಕೊಂಡರೂ ಇದೇ ಗತಿ.

ನಿಜಕ್ಕೂ ನಿರಪಾಯದ ಮದ್ದು ಅಂದರೆ ಉಪ್ಪುನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಊಟವಾದ ಮೇಲೆ ಮುಕ್ಕಳಿಸಿ ಉಗುಳಿ. ತೂತಿನಲ್ಲಿ ಸಿಕ್ಕಿಕೊಂಡ ಅನ್ನದ ಅಗುಳೋ ವಡಾಪಾವ್ ಚೂರೋ ಹೊರಬಂದರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ.

ಆಜಿಯ ಮಿಶ್ರಿ ಮಾತ್ರ ಬೇಡವೇ ಬೇಡ. ಅದು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದ ತಂಬಾಕು, ಅಷ್ಟೆ. ನೋವು ಮರೆಸುತ್ತದೆ, ಚಟ ಹತ್ತಿಸುತ್ತದೆ, ಬಾಯಿ ಕ್ಯಾನ್ಸರಿಗೂ ದಾರಿ.

ಇನ್ನು ರಾತ್ರಿಯೇ ಯಾಕೆ ಸಿಡಿಯುತ್ತದೆ ಅಂದರೆ, ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುತ್ತದೆ. ಬೇರೆ ಕಡೆಯಾದರೆ ಊದಿಕೊಳ್ಳಲು ಜಾಗ ಇರುತ್ತದೆ. ಹಲ್ಲಿನೊಳಗೆ ಎಲ್ಲಿದೆ? ಬೆಳಗಿನ ಫಾಸ್ಟ್ ಲೋಕಲ್ ರೈಲಿಗೆ ಠಾಣೆ ಸ್ಟೇಷನ್ನಿನಲ್ಲಿ ಮತ್ತಷ್ಟು ಜನ ಹತ್ತಿದ ಹಾಗೆ. ಡಬ್ಬಿ ಹಿಗ್ಗುವುದಿಲ್ಲ, ಒಳಗಿದ್ದವರು ನಜ್ಜುಗುಜ್ಜು. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಯ ಹೊರಗೆ ಹತ್ತು ಹದಿನೈದು ನಿಮಿಷ ಇಡಿ. ಊದಿದ್ದರೆ ಬಿಸಿ ಶಾಖ ಕೊಡಬೇಡಿ.

ಮಾತ್ರೆ ಬೇಕೇ ಬೇಕಾದರೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂನದ್ದು ಒಂದು ಅಥವಾ ಎರಡು, ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ಎಂಟನ್ನು ಮೀರದಂತೆ. ಲಿವರ್ ತೊಂದರೆ ಇದ್ದವರು, ಕುಡಿಯುವ ಅಭ್ಯಾಸ ಇದ್ದವರು ಕೇಳದೆ ನುಂಗಬಾರದು. ಐಬುಪ್ರೊಫೆನ್ ಹಲ್ಲುನೋವಿಗೆ ಚೆನ್ನಾಗಿ ಕೇಳುತ್ತದೆ, ಆದರೆ ಅಲ್ಸರ್, ಕಿಡ್ನಿ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರಿಗೆ ಸಲ್ಲ. ಇನ್ನೊಂದು ಮಾತು: ಮುಂಬಯಿ ಮಳೆಗಾಲದಲ್ಲಿ ಜೊತೆಗೆ ಜ್ವರವೂ ಬಂದರೆ ಡೆಂಗ್ಯೂ ಅಲ್ಲ ಅಂತ ಖಾತ್ರಿಯಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಮುಟ್ಟಬೇಡಿ. ಮೆಡಿಕಲ್‌ನಲ್ಲಿ ಕೇಳಿ ಆಂಟಿಬಯೋಟಿಕ್ ತಿನ್ನುವುದೂ ದಂಡ, ಈ ನೋವಿಗೆ ಅದು ಮದ್ದಲ್ಲ.

ಈಗ ನೋವಿನ ನಡೆ ನೋಡಿ. ತಣ್ಣೀರು ತಾಗಿ ಜುಮ್ಮೆಂದು ಎರಡು ಸೆಕೆಂಡಿನಲ್ಲಿ ನಿಂತರೆ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯಬಹುದು. ನಿಮಿಷಗಟ್ಟಲೆ ಉಳಿದರೆ, ನಿದ್ದೆಯಿಂದ ಎಬ್ಬಿಸಿದರೆ, ಬಹುತೇಕ ರೂಟ್ ಕೆನಾಲೇ, ಅಂದರೆ ಹಲ್ಲಿನೊಳಗಿನ ನರ ತೆಗೆದು ತುಂಬುವ ಚಿಕಿತ್ಸೆ. ನಿಮ್ಮದು ಈ ಎರಡನೆಯ ಸಾಲಿನದ್ದು ಅನ್ನಿಸುತ್ತದೆ. ಒಂದು ದಿನ ನೋವು ತಾನಾಗಿ ಪೂರ್ತಿ ನಿಂತರೆ ಖುಷಿಪಡಬೇಡಿ. ನರ ಸತ್ತಿರುತ್ತದೆ, ಕೀವು ಆಮೇಲೆ ಬರುತ್ತದೆ. ಮುಖವೋ ದವಡೆಯ ಕೆಳಗೋ ಊದಿಕೊಂಡು, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಮದ್ದು ಗಿದ್ದು ಬಿಟ್ಟು ರಾತ್ರಿಯಾದರೂ ಆಸ್ಪತ್ರೆಗೆ ಓಡಿ. ಪ್ರಾಣಕ್ಕೇ ಅಪಾಯ ಅದು.

ಖರ್ಚಿನ ಚಿಂತೆಯೇ? ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ, ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು. ಮುಂಬಯಿ ಸೆಂಟ್ರಲ್ ಹತ್ತಿರ ಪಾಲಿಕೆಯ ನಾಯರ್ ದಂತ ಕಾಲೇಜಿದೆ. ಬೆಳಿಗ್ಗೆ ಬೇಗ ಹೋಗಿ, ಸಾಲು ಇರುತ್ತದೆ.

ಮಗಳ ವಿಷಯ. ಹಾಲಿನ ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಬೇಕು. ಈಗಲೇ ಹೋದರೆ ಪಕ್ಕದವು ವಾಲಿ, ಹೊಸ ಹಲ್ಲಿಗೆ ಜಾಗ ಸಿಗದೆ ಸೊಟ್ಟಗೆ ಹುಟ್ಟುತ್ತವೆ. ಅವಳಿಗೆ ಲವಂಗದೆಣ್ಣೆ ಬೇಡ, ಮಕ್ಕಳ ಹೊಟ್ಟೆಗೆ ಹೋದರೆ ವಿಷವಾಗಬಹುದು. ದಿನಕ್ಕೆರಡು ಸಲ ಬಟಾಣಿ ಗಾತ್ರದ ಫ್ಲೋರೈಡ್ ಪೇಸ್ಟ್ ಹಾಕಿ ನೀವೇ ಉಜ್ಜಿಸಿ. ಇಬ್ಬರೂ ಒಂದೇ ದಿನ ತೋರಿಸಿಕೊಳ್ಳಿ, ಆದರೆ ಕುರ್ಚಿಯಲ್ಲಿ ಮೊದಲು ಅವಳನ್ನು ಕೂರಿಸಿ. ನಿಮ್ಮ ಮುಖ ನೋಡಿ ಹೆದರಬಾರದು ಅಲ್ವಾ?