ಯಾವ ದೇಶದ ಪಾಸ್‌ಪೋರ್ಟ್ ಇದ್ರ ಓಡ್ಯಾಡೂದು ಸಸಾರ?

ಗೋಕಾಕದ ನಿವೃತ್ತ ಮಾಸ್ತರ್ರೊಬ್ರು ಪತ್ರ ಬರದಾರ. ಮಗ ಸಿಂಗಾಪುರದಾಗ ಇಂಜಿನಿಯರ್, ಹೆಂಡ್ತಿ ಮಗನ್ನ ಕಟ್ಕೊಂಡು ಅಲ್ಲೇ ಇದ್ದಾನ, ಪಿಆರ್, ಅಂದ್ರ ಅಲ್ಲೇ ಕಾಯಂ ಇರಾಕ ಪರವಾನಗಿ, ಸಿಕ್ಕೈತಿ. ಕಂಪನಿ ಕೆಲಸಕ್ಕ ಜರ್ಮನಿ, ಜಪಾನ್ ಅಂತ ಹೋಗೂದಿರ್ತೈತಿ, ಜೋಡಿ ಕೆಲಸ ಮಾಡೋ ಸಿಂಗಾಪುರದವ್ರು ಬ್ಯಾಗ್ ಎತ್ಕೊಂಡು ಹೊಂಟಬಿಡ್ತಾರ, ಇವ ಮಾತ್ರ ಪ್ರತಿ ಸಲ ವೀಸಾಕ್ಕ ಅರ್ಜಿ ಹಾಕಿ ಕುಂದ್ರಬೇಕು. ಬ್ಯಾಸತ್ತು ‘ನಾನೂ ಇಲ್ಲಿ ಸಿಟಿಜನ್ ಆಗಿಬಿಡ್ತೀನಪ್ಪಾ’ ಅಂದಾನಂತ. ಮಾಸ್ತರ್ರ ತಮ್ಮ ಹೇಳೂದು ಬ್ಯಾರೆ, ಪೋರ್ಚುಗಲ್ದು ಅದಕ್ಕಿಂತ ಚಲೋ, ಗೋವಾದ ಮಂದಿ ಸುಮ್ನ ತಗೊಂಡಾರೇನು ಅಂತ. ‘ಯಾವ ದೇಶದ್ದು ಎಲ್ಲಕ್ಕಿಂತ ಚಲೋ, ಒಂದ ಮಾತಿನ್ಯಾಗ ಹೇಳ್ರಿ’ ಅಂತ ಕೇಳ್ಯಾರ.

ಮಾಸ್ತರ್ರ, ನಮಸ್ಕಾರ. ಒಂದ ಮಾತಿನ್ಯಾಗ ಅಂದ್ರ ಸಿಂಗಾಪುರ. ಆದ್ರ ನೀವು ಪತ್ರದಾಗ ಮೊಮ್ಮಗನ ಸುದ್ದಿ, ಘಟಪ್ರಭಾ ದಂಡಿ ಹೊಲದ ಸುದ್ದಿ ಎಲ್ಲಾ ಬರದೀರಿ, ಹಂಗಾಗಿ ಒಂದ ಮಾತಿನ್ಯಾಗ ಮುಗಿಸಾಕ ಬರಂಗಿಲ್ಲ.

ಮೊದಲ ಈ ನಂಬರಿನ ಸುದ್ದಿ ನೋಡೂಣು. ‘ಭಾರತದ ಪಾಸ್‌ಪೋರ್ಟ್ ಇಷ್ಟನೇ ಸ್ಥಾನಕ್ಕ ಇಳೀತು’ ಅಂತ ಪೇಪರಿನ್ಯಾಗ ಬರ್ತೈತಲ್ರಿ, ಅದು ಬಹಳ ಸಲ ಹೆನ್ಲಿ ಪಾಸ್‌ಪೋರ್ಟ್ ಇಂಡೆಕ್ಸ್ ಅನ್ನೋ ಪಟ್ಟಿಯಿಂದ ಬಂದದ್ದು. ವಿಮಾನ ಕಂಪನಿಗಳ ಒಕ್ಕೂಟ ಐಯಾಟಾದ ಮಾಹಿತಿ ತಗೊಂಡು 199 ಪಾಸ್‌ಪೋರ್ಟನ್ನ 227 ಜಾಗಾದ ಜೋಡಿ ತಾಳೆ ಹಾಕ್ತಾರ, ಮೊದಲ ವೀಸಾ ತಗೊಳ್ದ ಹೋಗಾಕ ಬರ್ತಿದ್ರ ಒಂದು ಮಾರ್ಕು, ಬರದಿದ್ರ ಸೊನ್ನೆ. 2025ರ ಅಕ್ಟೋಬರ್ ಲೆಕ್ಕದಾಗ ಸಿಂಗಾಪುರ 193, ದಕ್ಷಿಣ ಕೊರಿಯಾ 190, ಜಪಾನ್ 189. ಮೂರೂ ಏಷ್ಯಾದವ. 2014ರಾಗ ಮೊದಲನೇ ಸ್ಥಾನದಾಗಿದ್ದ ಅಮೆರಿಕಾ ಆ ಸಲ ಮೊದಲ ಹತ್ತರಿಂದ ಹೊರಗ ಬಿದ್ದು 12ಕ್ಕ ಬಂತು, ಅದೂ ಮಲೇಷ್ಯಾದ ಜೋಡಿ ಸಮಾ. ಆರ್ಟನ್ ಕ್ಯಾಪಿಟಲ್ ಅನ್ನೋರು ಇನ್ನೊಂದು ಪಟ್ಟಿ ಮಾಡ್ತಾರ, ಅದರಾಗ ಯುಎಇ ಮ್ಯಾಲೆ ಇರ್ತೈತಿ. ಯುಎಇದವ್ರಿಗೆ 2015ರಾಗ ಯುರೋಪಿನ ಷೆಂಗೆನ್ ದೇಶಗಳು (ಒಂದ ವೀಸಾದ ಮ್ಯಾಲೆ ಎಲ್ಲಾ ಕಡೆ ಓಡ್ಯಾಡಾಕ ಬಿಡೋ ಗುಂಪು, ಜರ್ಮನಿನೂ ಅದರಾಗ ಐತಿ) ವೀಸಾ ತೆಗೆದ ಮ್ಯಾಲೆ ಅದು ಭಾಳ ಜಲ್ದಿ ಏರ್ತು. ಆದ್ರ ಅದರಿಂದ ನಮಗೇನು, ನಮ್ಮ ಕಡಿ ಮಂದಿ ದುಬೈದಾಗ ಜೀವಮಾನ ದುಡದ್ರೂ ರಿಟೈರ್ ಆಗಿ ಭಾರತದ ಪಾಸ್‌ಪೋರ್ಟ್ ಹಿಡ್ಕೊಂಡ ಊರಿಗೆ ಬರ್ತಾರ, ಅಲ್ಲಿ ಸಿಟಿಜನ್‌ಶಿಪ್ ಸಿಗೂದು ಲಕ್ಷಕ್ಕೊಬ್ಬರಿಗೆ.

ನಮ್ಮದು? 2025ರ ಜುಲೈದಾಗ 77ನೇ ಸ್ಥಾನ, 59 ಜಾಗಾ. ಅಕ್ಟೋಬರ್‌ದಾಗ 85ನೇ ಸ್ಥಾನ, 57 ಜಾಗಾ. ನೋಡ್ರಿ, ಸ್ಥಾನ ಎಂಟು ಬಿತ್ತು ಅಂತ ಟಿವಿಯಾಗ ಚರ್ಚಾ ಆತು, ಖರೇ ಕಡಿಮಿ ಆದದ್ದು ಎರಡ ಜಾಗಾ. ಕೆಳಗ ಒಂದಕ್ಕೊಂದು ಅಂಟ್ಕೊಂಡ ದೇಶಗಳು ಅದಾವ, ಒಂದು ಅಲ್ಲಾಡಿದ್ರ ನಂಬರ್ ಎಲ್ಲಾ ಹಾರ್ತಾವ.

ಇನ್ನೊಂದು ಮಾತು ನಿಮಗ ಜಲ್ದಿ ತಿಳೀತೈತಿ, ಯಾಕಂದ್ರ ನೀವು ಪೇಪರ್ ತಿದ್ದಿದವ್ರು. ಗಣಿತಕ್ಕೂ ಚಿತ್ರಕಲೆಗೂ ಒಂದ ತೂಕ ಹಾಕಿ ರ‍್ಯಾಂಕ್ ಕೊಟ್ಟಂಗ ಐತಿ ಈ ಪಟ್ಟಿ. ಪೆಸಿಫಿಕ್ ಸಮುದ್ರದಾಗಿನ ಒಂದು ಸಣ್ಣ ದ್ವೀಪಕ್ಕೂ ಒಂದು ಮಾರ್ಕು, ಅಮೆರಿಕಾಕ್ಕೂ ಒಂದ ಮಾರ್ಕು. ನಿಮ್ಮ ಮಗ ಎಂದೂ ಹೋಗದ ನೂರು ದೇಶ ತೆರೆದಿದ್ದು ಏನ್ ಮಾಡೂದೈತಿ, ಅವಗ ಬೇಕಾದದ್ದು ಜರ್ಮನಿ, ಜಪಾನ್, ಅಷ್ಟ.

ಬೆಳಗಾವಿದಾಗ ಇದನ್ನ ಕಣ್ಣಿಂದ ನೋಡಿದವ್ರು ಅದಾರ. ಕೆಎಲ್‌ಇದಾಗ ಮಲೇಷ್ಯಾದ ಹುಡುಗ್ರು ಡಾಕ್ಟರಕಿ ಕಲಿಯಾಕ ಬರ್ತಿದ್ರಲ್ರಿ, ಅಲ್ಲಿ ಯುನಿವರ್ಸಿಟಿ ಜೋಡಿ ಒಪ್ಪಂದದ ಕೋರ್ಸ್ ಇತ್ತು. ಆ ಹುಡುಗ ಸುಟ್ಟಿಗೆ ಲಂಡನ್ನಿಗೆ ಹೋಗಬೇಕಂದ್ರ ವೀಸಾ ಬೇಡ, ಈಗ 2025ರಿಂದ ಮೊಬೈಲ್‌ದಾಗ ಒಂದು ಇಟಿಎ ಪರ್ಮಿಶನ್ ತಗೊಂಡ್ರ ಮುಗೀತು. ಅದ ಹಾಸ್ಟೆಲ್ ಗೇಟ್ ಮುಂದ ಚಹಾ ಕುಡಿಯೋ ನಮ್ಮ ಹುಡುಗ ಬ್ಯಾಂಕ್ ಸ್ಟೇಟ್‌ಮೆಂಟ್, ಅಪ್ಪನ ಐಟಿ ರಿಟರ್ನ್ಸ್, ಬೆರಳಿನ ಗುರುತು ಎಲ್ಲಾ ಕೊಡಬೇಕು. ಎರಡೂ ದೇಶ ಬ್ರಿಟಿಷರ ಕೈಯಾಗ ಇದ್ದವ. ಮಜಾ ಅಂದ್ರ 1962ರ ತನಕ ನಮ್ಮವ್ರೂ ಕಾಮನ್‌ವೆಲ್ತ್ ಪ್ರಜೆ ಅಂತ ಬ್ರಿಟನ್ನಿಗೆ ಹೋಗಿ ನೆಲಸಬಹುದಿತ್ತು, ಆ ವರ್ಷ ಕಾಯ್ದೆ ತಂದು ಬಿಗಿ ಮಾಡಿದ್ರು, ಆಮ್ಯಾಲೆ 1986ರಾಗ ಸುಮ್ನ ನೋಡಿ ಬರಾಕೂ ವೀಸಾ ಬೇಕಾತು.

ನಮಗ ಯಾಕ ಹಿಂಗ ಅಂದ್ರ ಮಂದಿ ಭಾಳ, ಗಳಿಕೆ ಕಡಿಮಿ, ಹೋದವ್ರು ಹೊಳ್ಳಿ ಬರಂಗಿಲ್ಲ ಅನ್ನೋ ಅಂಜಿಕೆ ಅವ್ರಿಗೆ. ಎಲ್ಲಾನೂ ಬಿಳಿಯರ ಸೊಕ್ಕು ಅಂತ ಬೈಯಾಕ ನನಗ ಮನಸ್ಸಿಲ್ಲ. ಸರ್ಬಿಯಾ 2017ರಾಗ ನಮಗ ವೀಸಾ ಬೇಡ ಅಂದಿತ್ತು, ಅಲ್ಲಿ ಇಳಿದು ಯುರೋಪಿನೊಳಗ ನುಸಳೋರು ಜಾಸ್ತಿ ಆಗಿ ಯುರೋಪ್ ಒತ್ತಡ ಹಾಕ್ತು, 2023ರ ಜನವರಿ 1ರಿಂದ ಬಂದ್. ಇರಾನ್ 2024ರಾಗ ಕೊಟ್ಟದ್ದನ್ನ 2025ರ ನವೆಂಬರ್‌ದಾಗ ತಿರುಗಿ ತಗೊಂಡ್ತು, ಅಲ್ಲಿ ನಮ್ಮ ಹುಡುಗ್ರಿಗೆ ನೌಕರಿ ಆಸೆ ತೋರಿಸಿ ಕರ್ಕೊಂಡು ಹೋಗಿ ಕಿಡ್ನ್ಯಾಪ್ ಮಾಡಿ ರೊಕ್ಕ ಕೇಳೋ ದಂಧೆ ಸುರು ಆಗಿತ್ತು. ಏಜೆಂಟರು ತಿಂದು ಹೋಗ್ತಾರ, ಸಾಲಿನ್ಯಾಗ ನಿಂದ್ರಾವ ನಿಮ್ಮ ಮಗ.

ಈಗ ನಿಮ್ಮ ತಮ್ಮಾರ ಪೋರ್ಚುಗಲ್ ಮಾತು. ಅರ್ಧಾ ಖರೇ ಐತಿ. ಬರೇ ಓಡ್ಯಾಡೂದಷ್ಟ ಆದ್ರ ಸಿಂಗಾಪುರದ್ದು ಮುಂದ, ಆದ್ರ ಸಿಂಗಾಪುರದಂವ ಜರ್ಮನಿಯಾಗ 180 ದಿನದಾಗ 90 ದಿನ ಇರಬಹುದು ಅಷ್ಟ, ನೌಕರಿ ಮಾಡಾಕ ಪರ್ಮಿಟ್ ಬೇಕು. ಪೋರ್ಚುಗಲ್ ಪಾಸ್‌ಪೋರ್ಟ್ ಇದ್ದಂವ ಯುರೋಪಿಯನ್ ಯೂನಿಯನ್ನಿನ 27 ದೇಶದಾಗ ಎಲ್ಲಿ ಬೇಕಾದಲ್ಲಿ ದುಡಕೊಂಡು ತಿಂದು ಇರಬಹುದು. ನನ್ನ ಕೇಳಿದ್ರ ಇದರಾಗ ಎಲ್ಲರಗಿಂತ ಪುಣ್ಯವಂತರು ಐರ್ಲೆಂಡಿನವ್ರು, 27 ದೇಶದ ಜೋಡಿ ಬ್ರಿಟನ್ನೂ ಅವ್ರಿಗೆ ಫ್ರೀ, ಬ್ರೆಕ್ಸಿಟ್ ಆದ್ರೂ ಆ ಹಳೇ ಒಪ್ಪಂದ ಮುರದಿಲ್ಲ. ಬರೇ ತಿರಗಾಡೂದಲ್ಲ, ಬದುಕಾಕ ಪಾಸ್‌ಪೋರ್ಟ್ ಬೇಕಂದ್ರ ನಾ ಐರ್ಲೆಂಡಿಗೇ ಮೊದಲನೇ ನಂಬರ್ ಕೊಡ್ತೀನಿ, ಪಟ್ಟಿ ಏನರ ಹೇಳ್ಲಿ.

ಆದ್ರ ಗೋವಾದವ್ರಿಗೆ ಪೋರ್ಚುಗಲ್ ಸಿಗೂದು ಯಾಕಂದ್ರ 1961ರ ಡಿಸೆಂಬರ್ 19ಕ್ಕ ಮೊದಲ ಅಲ್ಲಿ ಪೋರ್ಚುಗೀಸರ ಆಳ್ವಿಕೆ ಇತ್ತು, ಆಗ ಹುಟ್ಟಿದವ್ರು, ಅವ್ರ ಮಕ್ಕಳು ಮೊಮ್ಮಕ್ಕಳು ಲಿಸ್ಬನ್ನಿನ್ಯಾಗ ಹೆಸರು ನೋಂದಾಯಿಸಬಹುದು. ಚೋರ್ಲಾ ಘಾಟ್ ಇಳಿದ್ರ ಗೋವಾ ಹತ್ರ ಐತಿ ಅಂತ ಗೋಕಾಕದಾಗ ಹುಟ್ಟಿದವ್ರಿಗೆ ಅದು ಬರಂಗಿಲ್ರಿ. ತಗೊಂಡವ್ರಾಗೂ ಭಾಳ ಮಂದಿ ಹೋದದ್ದು ಪೋರ್ಚುಗಲ್ಲಿಗೆ ಅಲ್ಲ, ಇಂಗ್ಲೆಂಡಿನ ಸ್ವಿಂಡನ್ ಕಡೆ ಕೆಲಸಕ್ಕ. 2020ಕ್ಕ ಬ್ರೆಕ್ಸಿಟ್ ಮುಗದ ಮ್ಯಾಲೆ ಹೊಸದಾಗಿ ಹೋಗೋರಿಗೆ ಆ ಬಾಗಲಾನೂ ಹಾಕ್ತು.

ಇನ್ನ ಖರೇ ವಿಷಯ, ಬೆಲೆ. ನಮ್ಮ 1955ರ ನಾಗರಿಕತ್ವ ಕಾಯ್ದೆಯ 9ನೇ ಕಲಂ ಪ್ರಕಾರ ತಾನಾಗಿ ಇನ್ನೊಂದು ದೇಶದ ಪ್ರಜೆ ಆದಂವ ಭಾರತದ ಪ್ರಜೆ ಅಲ್ಲ, ಎರಡೂ ಇಟ್ಕೊಳ್ಳಾಕ ಬರಂಗಿಲ್ಲ, ಸಿಂಗಾಪುರನೂ ಒಪ್ಪಂಗಿಲ್ಲ. ಭಾರತದ ಪಾಸ್‌ಪೋರ್ಟ್ ಸರೆಂಡರ್ ಮಾಡಬೇಕು. ಆಮ್ಯಾಲೆ ಒಸಿಐ ಕಾರ್ಡ್ (ಬ್ಯಾರೆ ದೇಶದ ಪ್ರಜೆ ಆದ ಭಾರತ ಮೂಲದವ್ರಿಗೆ ನಮ್ಮ ಸರ್ಕಾರ ಕೊಡೋ ಕಾರ್ಡ್) ಮಾಡಿಸ್ಕೊಂಡ್ರ ಊರಿಗೆ ಬರಾಕ ಹೋಗಾಕ ತ್ರಾಸಿಲ್ಲ, ಬೆಳಗಾವಿದಾಗ ಮನಿ, ಪ್ಲಾಟ್ ತಗೋಬಹುದು, ಓಟ್ ಹಾಕಾಕ ಬರಂಗಿಲ್ಲ. ಮತ್ತ ಹೊಲ ಖರೀದಿ ಮಾಡಾಕ ಬರಂಗಿಲ್ಲ. ನಿಮ್ಮ ಹೊಲ ನಿಮ್ಮ ನಂತರ ವಾರಸದಾರ ಅಂತ ಅವನ ಹೆಸರಿಗೆ ಬರ್ತೈತಿ, ಆದ್ರ ನೀವು ಈಗ ಬಕ್ಷೀಸ್ ಪತ್ರ ಮಾಡಿ ಕೊಡ್ತೀನಿ ಅಂದ್ರ ಒಸಿಐದವನಿಗೆ ಕೃಷಿ ಜಮೀನು ಹಂಗ ಕೊಡಾಕ ಕಾನೂನಿನ್ಯಾಗ ಜಾಗಾ ಇಲ್ಲ. ಹೊಲದ ಲೆಕ್ಕಾಚಾರ ಇದ್ರ ಅವ ಅರ್ಜಿ ಹಾಕೂಕಿಂತ ಮೊದಲ ವಕೀಲರ ಹತ್ರ ಕುಂತು ಮಾತಾಡ್ರಿ.

ಮೊಮ್ಮಗಂದೂ ಒಂದೈತಿ. ಸಿಂಗಾಪುರದಾಗ ಗಂಡುಹುಡುಗ್ರು 18ರ ಸುಮಾರಿಗೆ ಎರಡು ವರ್ಷ ನ್ಯಾಷನಲ್ ಸರ್ವಿಸ್ ಮಾಡಬೇಕು, ಮಿಲಿಟರಿ, ಪೊಲೀಸ್, ಇಲ್ಲಾ ಫೈರ್ ಬ್ರಿಗೇಡ್. ಅಪ್ಪನ ಪಿಆರ್ ಮ್ಯಾಲಿಂದ ಪಿಆರ್ ಆದ ಹುಡುಗಗೂ ಅದು ಬಿಡಂಗಿಲ್ಲ, ಸಿಟಿಜನ್ ಆಗಲಿ ಬಿಡಲಿ. ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಇರೋ ಜಿಲ್ಲಾದವ್ರು ನಾವು, ಇದಕ್ಕ ಅಂಜಬೇಕಾಗಿಲ್ಲ, ಆದ್ರ ಸೊಸಿಗೆ ಗೊತ್ತೈತೋ ಇಲ್ಲೋ ಕೇಳ್ರಿ.

ಬರೇ ವೀಸಾ ಕಾಟಕ್ಕ ಸಿಟಿಜನ್‌ಶಿಪ್ ಬಿಡೂದು ನನಗಂತೂ ದುಬಾರಿ ಸೌದಾ ಅನಸ್ತೈತಿ. ಅಲ್ಲೇ ಸಾಯೂತನಕ ಇರಂವ ಅಂದ್ರ ಆ ಮಾತು ಬ್ಯಾರೆ, ಆಗ ತಗೋಳಿ, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಂದ್ರ ಅವಗ ಇಷ್ಟು ಹೇಳ್ರಿ: ಎರಡು ವರ್ಷದಾಗ ಮೂರು ಷೆಂಗೆನ್ ವೀಸಾ ತಗೊಂಡು ದಿನ ಮೀರದಂಗ ಹೋಗಿ ಬಂದವ್ರಿಗೆ ಒಂದು ವರ್ಷದ ಮಲ್ಟಿಪಲ್ ಎಂಟ್ರಿ, ಅಂದ್ರ ಮತ್ತ ಮತ್ತ ಹೋಗಿ ಬರೋ ವೀಸಾ, ಕೊಡೋ ನಿಯಮ ಐತಿ, ಅದನ್ನೂ ಸರಿ ಬಳಸಿದ್ರ ಎರಡು ವರ್ಷದ್ದು, ಆಮ್ಯಾಲೆ ಐದು ವರ್ಷದ್ದು. ಪ್ರತಿ ಸಲ ಹತ್ತು ದಿನದ್ದ ಕೇಳ್ಕೋತ ಕುಂತಿದ್ರ ಅದು ಅವಂದ ತಪ್ಪು, ಮುಂದಿನ ಫಾರ್ಮಿನ್ಯಾಗ ಮಲ್ಟಿಪಲ್‌ಗೆ ಟಿಕ್ ಹಾಕ್ಲಿ, ಹಳೇ ವೀಸಾದ ಝೆರಾಕ್ಸ್ ಎಲ್ಲಾ ಜೋಡಿಸ್ಲಿ.

ಮತ್ತ ನಿಮ್ಮ ಪಾಸ್‌ಪೋರ್ಟ್ ಬರೋ ಮೇದಾಗ ಮುಗೀತೈತಿ ಅಂತ ಬರದೀರಿ, ದೀಪಾವಳಿಗೆ ಮಗನ ಕಡೆ ಹೋಗೂದಾದ್ರ ಮುಗಿಯೂತನಕ ಕಾಯಬ್ಯಾಡ್ರಿ, ಸಿಂಗಾಪುರ ಆರು ತಿಂಗಳ ವ್ಯಾಲಿಡಿಟಿ ಕೇಳ್ತೈತಿ. ಬೆಳಗಾವಿ ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕ ಆನ್‌ಲೈನ್ ಅಪಾಯಿಂಟ್‌ಮೆಂಟ್ ತಗೋರಿ, 36 ಹಾಳಿದಕ್ಕ 1,500 ರೂಪಾಯಿ. ಹೋಗುವಾಗ ಆಧಾರ್‌ದಾಗಿನ ಹೆಸರು ಹಳೇ ಪಾಸ್‌ಪೋರ್ಟಿನ ಹೆಸರಿಗೆ ಕೂಡ್ತೈತೋ ಇಲ್ಲೋ ಒಮ್ಮೆ ನೋಡ್ಕೋರಿ.