ಡಿಆರ್‌ಡಿಒ ಇಂಟರ್ನ್‌ಶಿಪ್ ಮಾಡಿದ್ರೆ ಅಲ್ಲೇ ಕೆಲಸ ಸಿಗುತ್ತಾ?

ಸರ್, ಇಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಎಂಜಿನಿಯರಿಂಗ್) ಮೂರನೇ ವರ್ಷದಲ್ಲಿರುವ ಮಗಳು ಡಿಆರ್‌ಡಿಒದಲ್ಲಿ, ಅಂದ್ರೆ ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ, ಇಂಟರ್ನ್‌ಶಿಪ್ ಮಾಡಿದ್ರೆ ಅಲ್ಲೇ ಕೆಲಸ ಖಾಯಂ ಆಗುತ್ತಾ ಅಂತ ಕೇಳಿದ್ದೀರಿ. ಆಗಲ್ಲ. ನೌಕರಿಯ ಭರವಸೆ ಇಲ್ಲ ಅಂತ ಅವರೇ ಮೊದಲೇ ಹೇಳಿಬಿಡ್ತಾರೆ. ಅಲ್ಲಿನ ಆರಂಭದ ವಿಜ್ಞಾನಿ 'ಬಿ' ಹುದ್ದೆಗೆ ಗೇಟ್ (ಎಂಜಿನಿಯರಿಂಗ್‌ನವರು ಬರೆಯೋ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ, ಆಮೇಲೆ ಸಂದರ್ಶನ, ದಾರಿ ಅದೇ.

ಹಾಗಂತ ಬಿಡಬೇಡಿ. ಇಂಟರ್ನ್‌ಶಿಪ್‌ಗೆ ಡಿಆರ್‌ಡಿಒದ ಆಯಾ ಲ್ಯಾಬ್‌ಗೇ ಅರ್ಜಿ ಹಾಕಬೇಕು, ಕಾಲೇಜಿನ ಶಿಫಾರಸು ಪತ್ರದ ಜೊತೆ. ಇಸಿಯವರಿಗೆ ಬೆಂಗಳೂರಿಗಿಂತ ಒಳ್ಳೆ ಜಾಗ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ: ಡಿಆರ್‌ಡಿಒ ಲ್ಯಾಬ್‌ಗಳ ಪೈಕಿ ಸಿ.ವಿ. ರಾಮನ್ ನಗರದ ಎಲ್‌ಆರ್‌ಡಿಇಯಲ್ಲಿ ರೇಡಾರ್, ಡೇರ್‌ನಲ್ಲಿ ವಿಮಾನಗಳ ಎಲೆಕ್ಟ್ರಾನಿಕ್ ಸಮರ ಉಪಕರಣ, ಕೇರ್‌ನಲ್ಲಿ ಎಐ ಮತ್ತು ರೋಬಾಟಿಕ್ಸ್. 'ಯಾವುದಾದ್ರೂ ಪರವಾಗಿಲ್ಲ' ಅಂತ ಬರೆದ ಅರ್ಜಿ ಮೂಲೆ ಸೇರುತ್ತೆ. ಆಂಟೆನಾನೋ, ಸಿಗ್ನಲ್ ಪ್ರೊಸೆಸಿಂಗೋ, ಮಾಡಿರೋ ಮಿನಿ ಪ್ರಾಜೆಕ್ಟ್ ಹೆಸರು ಹಾಕಿ ಬರೀಲಿ.

ಒಳಗಿನ ಶಿಸ್ತು ಬೇರೆ. ಫೋನ್ ಗೇಟಲ್ಲೇ ಬಿಡಬೇಕು, ಪೆನ್‌ಡ್ರೈವ್ ಮಾತೇ ಇಲ್ಲ. (ರೀಲ್ಸ್ ಬಿಟ್ಟಿರೋಕಾಗದವರಿಗೆ ಕಷ್ಟ!) ಗೌಪ್ಯವಲ್ಲದ ಕೆಲಸ ಮಾತ್ರ ಕೊಡ್ತಾರೆ, ಕ್ಷಿಪಣಿ ಮುಟ್ಟಿಸಲ್ಲ.

ಡಿಗ್ರಿ ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್ಪೂ ಇದೆ, ಸ್ಟೈಪೆಂಡ್ ಸಮೇತ. ಬಿಇಎಲ್, ಎಚ್‌ಎಎಲ್‌ನವರೂ ತಗೋತಾರೆ. ಅದೂ ಖಾಯಂ ಅಲ್ಲ. ಈಗಿನಿಂದಲೇ ಗೇಟ್‌ಗೆ ಓದೋಕೆ ಶುರು ಮಾಡಲಿ, ಇಂಟರ್ನ್‌ಶಿಪ್ ಅದರ ಪಕ್ಕದಲ್ಲಿ ನಡೀಲಿ. ಮಧ್ಯೆ ಯಾರಾದ್ರೂ 'ಸೀಟ್ ಕೊಡಿಸ್ತೀನಿ' ಅಂತ ದುಡ್ಡು ಕೇಳಿದ್ರೆ ಒಂದು ರೂಪಾಯೀನೂ ಕೊಡಬೇಡಿ.