‘ಕಮ್ಮಿ ಆಗಲ್ಲ ಸರ್’

ತುಮಕೂರಿನಲ್ಲಿ ಆಪ್ತಸಲಹೆ ಶುರು ಮಾಡಿದಾಗಿನಿಂದ ಈ ಸಂಗತಿಯನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳುತ್ತಲೇ ಇದ್ದೇನೆ. ಪಾವಗಡ ಕಡೆಯಿಂದ ಓದಲು ಬಂದ ಹುಡುಗಿ, ಹಾಸ್ಟೆಲ್ಲಿಗೆ ಬಂದ ಅಪ್ಪನನ್ನು ‘ನಮ್ಮೂರಿನವರು’ ಅಂದುಬಿಡುತ್ತಾಳೆ. ಮಂಡಿಯಲ್ಲಿ ಮೂಟೆ ಹೊರುವವರ ಮಗ, ಅಪ್ಪನ ಕೆಲಸ ಕೇಳಿದರೆ ‘ಬಿಸಿನೆಸ್’ ಅನ್ನುತ್ತಾನೆ. ಈ ಸಲ ಬಂದವರು ಟಿಬೆಟ್ ಮೂಲದವರು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು ಮೂವತ್ತರ ಆಸುಪಾಸು. ಇಲ್ಲಿನ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಗಂಡಸರ ರೆಡಿಮೇಡ್ ವಿಭಾಗ ಅವರ ಕೈಯಲ್ಲಿದೆ. ಅಜ್ಜ ಅಜ್ಜಿ 1959ರ ನಂತರ ಗಡಿ ದಾಟಿ ಬಂದವರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಅವರೆಲ್ಲ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಜೋಳದಿಂದ ವರ್ಷವಿಡೀ ಹೊಟ್ಟೆ ತುಂಬಲ್ಲ ಅಲ್ವಾ? ಹಾಗಾಗಿ ಚಳಿಗಾಲಕ್ಕೆ ಸ್ವೆಟರ್ ವ್ಯಾಪಾರ. ಲುಧಿಯಾನದ ಸಗಟು ವ್ಯಾಪಾರಿಗಳು ಸಾಲಕ್ಕೆ ಮಾಲು ಕೊಡುತ್ತಾರೆ. ಸೀಸನ್ ಮುಗಿದ ಮೇಲೆ ಲೆಕ್ಕ ಚುಕ್ತಾ. ಇವರ ತಾಯಿಯ ಜೀವನವೂ ಅದರಲ್ಲೇ ಸಾಗಿದೆ. ಮಗ ಕನ್ನಡ ಕಲಿತದ್ದು, ಗಿರಾಕಿಯ ಮುಖ ನೋಡಿ ಸೈಜ್ ಹೇಳಲು ಕಲಿತದ್ದು, ಎಲ್ಲ ಆ ತಾಯಿಯ ಪಕ್ಕ ನಿಂತೇ.

ನಿದ್ದೆ ಬರಲ್ಲ ಅಂತ ಬಂದಿದ್ದರು. ಮೊದಮೊದಲ ಭೇಟಿಗಳು ಟಾರ್ಗೆಟ್, ಹಬ್ಬದ ರಶ್, ದಿನವಿಡೀ ನಿಂತು ಬರುವ ಕಾಲುನೋವು, ಇವುಗಳಲ್ಲೇ ಕಳೆದವು. ಒಂದು ದಿನ ಸುಮ್ನೆ ಕೇಳಿದೆ, “ಈ ಸಲ ಅಮ್ಮ ಯಾವ ಊರಲ್ಲಿ ಅಂಗಡಿ ಹಾಕಿದ್ದಾರೆ?”

“ಇಲ್ಲೇ ಮೇಡಂ.”

ಆಮೇಲೆ ಬಹಳ ಹೊತ್ತು ಮಾತಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಆದದ್ದು ಇಷ್ಟು. ಒಂದು ಸಂಜೆ ಅಂಗಡಿಯ ಇಬ್ಬರು ಸಹೋದ್ಯೋಗಿಗಳ ಜೊತೆ ಟೀ ಕುಡಿಯಲು ಹೊರಟಿದ್ದರು. ದಾರಿಯಲ್ಲಿ ಅಮ್ಮನ ಸ್ಟಾಲ್. ಒಬ್ಬ ಸಹೋದ್ಯೋಗಿ ಸ್ವೆಟರ್ ಎತ್ತಿಕೊಂಡು ಚೌಕಾಸಿಗೆ ನಿಂತ. “ಇವ್ರದ್ದೆಲ್ಲ ಡಬಲ್ ರೇಟು, ಅರ್ಧಕ್ಕೆ ಕೇಳಬೇಕು” ಅಂತ ನಕ್ಕ. ಇವರೂ ನಕ್ಕರು. ತಾಯಿ ಒಮ್ಮೆ ಮಗನ ಮುಖ ನೋಡಿದರು. ಅಂಗಡಿಯ ಯೂನಿಫಾರಂ ನೋಡಿದರು. ಪಕ್ಕದಲ್ಲಿದ್ದವರನ್ನು ನೋಡಿದರು.

“ಏನು ಮಾಡಿದರು?” ಅಂದೆ.

“ನನಗೂ ರೇಟು ಹೇಳಿದ್ರು ಮೇಡಂ. ಒಂದು ಜಾಕೆಟ್ ಎತ್ತಿ ತೋರಿಸಿ, ‘ಆರುನೂರು, ಕಮ್ಮಿ ಆಗಲ್ಲ ಸರ್’ ಅಂದ್ರು. ನನ್ನನ್ನ ಸರ್ ಅಂದ್ರು.”

ಅವರಿಗೆ ನಿದ್ದೆ ಕೆಟ್ಟದ್ದು ಆವತ್ತಿನಿಂದ. ತಾಯಿ ಸಿಟ್ಟಾಗಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಆಕೆ ಮಗನ ಸುಳ್ಳಿಗೆ ತಾನೇ ಸಹಾಯ ಮಾಡಿದರು. ಅದನ್ನು ತಡೆದುಕೊಳ್ಳುವುದು ಕಷ್ಟ.

ಹೋಗಿ ಕ್ಷಮೆ ಕೇಳಿ ಅಂತ ನಾನು ಹೇಳಲಿಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇದಕ್ಕೆ ಆಕ್ಷೇಪ ಎತ್ತಿದರು. ಮೊದಲು ಮನಬಿಚ್ಚಿ ಮಾತಾಡಬೇಕಿತ್ತು ಅನ್ನುವುದು ಅವರ ವಾದ. ನಾನು ಒಪ್ಪಲ್ಲ. ಕ್ಷಮೆ ಕೇಳಿದ ಕೂಡಲೇ ತಾಯಿ ‘ಏನೂ ಆಗಿಲ್ಲ ಬಿಡು’ ಅನ್ನುತ್ತಾರೆ. ವಿಷಯ ಅಲ್ಲಿಗೆ ಮುಚ್ಚಿಹೋಗುತ್ತದೆ, ಮಗ ಮಾರನೇ ದಿನವೂ ಬೇರೆ ರಸ್ತೆ ಹಿಡಿದು ಮನೆಗೆ ಹೋಗುತ್ತಾನೆ. ನಾಚಿಕೆ ಹುಟ್ಟಿದ್ದು ನಾಲ್ಕು ಜನರ ಎದುರು. ಬಾಗಿಲು ಹಾಕಿಕೊಂಡು ಆಡಿದ ಮಾತಿಗೆ ಅದು ಕರಗುವುದನ್ನು ನಾನು ಕಂಡದ್ದು ಕಡಿಮೆ. ಅದಕ್ಕೇ ಹೇಳಿದೆ: “ವಾರದ ರಜೆಯ ದಿನ ಹೋಗಿ ಸ್ಟಾಲ್‌ನಲ್ಲಿ ಒಂದೆರಡು ಗಂಟೆ ನಿಂತು ಮಾರಿ. ಯಾರಿಗೂ ಏನೂ ವಿವರಿಸಬೇಡಿ. ಯಾರಾದರೂ ಕೇಳಿದರೆ ಮಾತ್ರ, ಇವರು ನಮ್ಮಮ್ಮ ಅನ್ನಿ.” ನಿದ್ದೆಯ ಬಗ್ಗೆ ವೈದ್ಯರನ್ನೂ ನೋಡಲು ಕಳಿಸಿದೆ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪೆಲ್ಲ ಈ ಹುಡುಗನದ್ದೇ ಅನ್ನಿಸಿಬಿಡುತ್ತದೆ. ಅಂಗಡಿಯಲ್ಲಿ ಅವರನ್ನು ಕೆಲವರು ಕರೆಯುವುದು ‘ಚೈನಾ’ ಅಂತ, ಇನ್ನು ಕೆಲವರಿಗೆ ಅವರು ‘ನೇಪಾಳಿ’. ಹುಟ್ಟಿದ್ದು ಬೈಲಕುಪ್ಪೆಯಲ್ಲಿ, ಮಾತಾಡುವುದು ನಮ್ಮಷ್ಟೇ ಸಲೀಸಾದ ಕನ್ನಡ. ಆದರೂ ಕೈಯಲ್ಲಿರುವುದು ವಿದೇಶಿಯರ ನೋಂದಣಿ ಪತ್ರ, ಅವಧಿ ಮುಗಿದಾಗೆಲ್ಲ ನವೀಕರಿಸಬೇಕು. ಇಷ್ಟೆಲ್ಲ ಇರುವವರು ಇನ್ನೊಂದು ಗುರುತನ್ನು ಬಚ್ಚಿಟ್ಟರೆ ಅದನ್ನು ಕಾಯಿಲೆ ಅಂತ ಕರೆಯಲು ನನಗೆ ಮನಸ್ಸಿಲ್ಲ. ಸ್ವೆಟರ್ ಕೊಳ್ಳುವಾಗ ನಾವು ತಮಾಷೆಗೆ ಆಡುವ ಮಾತನ್ನು ಪಕ್ಕದಲ್ಲಿ ನಿಂತು ಯಾರ ಮಗ ಕೇಳಿಸಿಕೊಳ್ಳುತ್ತಿದ್ದಾನೋ ಯಾರಿಗೆ ಗೊತ್ತು?

ಅವರು ಹೋದರು. ಮೊದಲ ಸಲ ತಾಯಿ ಬೈದು ಕಳಿಸಿದರಂತೆ, “ರಜೆ ದಿನ ಮಲಗೋದು ಬಿಟ್ಟು ಇಲ್ಲೇನು ಕೆಲಸ?” ಅಂತ. ಮುಂದಿನ ವಾರ ಮತ್ತೆ ಹೋದರು. ಸೈಜ್ ಪ್ರಕಾರ ಮಾಲು ಜೋಡಿಸಿಕೊಟ್ಟರು. ತಾಯಿ ಅದನ್ನೆಲ್ಲ ಕೆದರಿ ಮತ್ತೆ ತಮ್ಮ ಹಾಗೇ ಇಟ್ಟುಕೊಂಡರು. ಇದನ್ನು ಹೇಳುವಾಗ ನನ್ನೆದುರು ಮೊದಲ ಬಾರಿ ಜೋರಾಗಿ ನಕ್ಕರು. ಅರ್ಧಕ್ಕೆ ಕೇಳಿದ್ದ ಸಹೋದ್ಯೋಗಿ ಒಂದು ಸಂಜೆ ಆ ಕಡೆ ಬಂದು, ಇವರನ್ನು ಕಂಡು ತಬ್ಬಿಬ್ಬಾಗಿ, ಎರಡು ಟೋಪಿ ಹೇಳಿದ ರೇಟಿಗೇ ತಗೊಂಡು ಹೋದರಂತೆ. ನಿದ್ದೆ ಈಗ ಪರವಾಗಿಲ್ಲ, ಪೂರ್ತಿ ಸರಿಯಾಗಿಲ್ಲ.

ಹೋದ ಭೇಟಿಯಲ್ಲಿ ಅವರು ಕೇಳಿದ್ದು, ಮಾಲೀಕರಿಗೂ ಹೇಳಬೇಕಾ ಅಂತ. ಬೇಕಿಲ್ಲ ಎಂದೆ. ಅವರು ಸಂಬಳ ಕೊಡುವುದು ಕೆಲಸಕ್ಕೆ. ಮನೆ ಕಥೆ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ನಿಮ್ಮಿಷ್ಟ.